ಗಾಡಿಯ ಕಂಪನವೂ ಲೇಖನಿಯ ರೇಖೆಯೂ

ಧೂಮಶಕಟಗಳು ಓಡಲಾರಂಭಿಸಿದ ಮೊದಲ ದಿನಗಳಲ್ಲಿ ಗಾಡಿಯ ಕ್ಷೇಮಾಕ್ಷೇಮಗಳನ್ನು ನಿರ್ಣಯಿಸುವ ಭಾರವು ಬಹುಮಟ್ಟಿಗೆ ಪ್ರಯಾಣಿಕರ ಬೆನ್ನಿನ ಮೇಲೆಯೇ ಬಿದ್ದಿತ್ತು. ಗಾಡಿಯು ಅಪಾಯಕರವಾಗಿ ಕುಲುಕಿತೆಂದು ಒಬ್ಬನೂ, ತೊಟ್ಟಿಲಿನಂತೆ ತೂಗಿತೆಂದು ಮತ್ತೊಬ್ಬನೂ ಹೇಳಿದರೆ, ಇಬ್ಬರ ಮಾತನ್ನೂ ತೂಗಿನೋಡಲು ತಕ್ಕಡಿಯಿರಲಿಲ್ಲ. ಇಂಗ್ಲೆಂಡಿನಲ್ಲಿ ಗ್ರೇಟ್ ವೆಸ್ಟರ್ನ್ ರೈಲ್ವೆಯ ಮೊದಲ ಭಾಗವು 1838ರಲ್ಲಿ ತೆರೆದಾಗ ಇಂಥ ವಿವಾದವೇ ಎದ್ದಿತು. ಇತರ ಕಂಪೆನಿಗಳು ಸಾಮಾನ್ಯವಾಗಿ ಕಂಬಿಗಳ ನಡುವೆ 4 ಅಡಿ 8½ ಅಂಗುಲ ಬಿಡುತ್ತಿದ್ದಲ್ಲಿ, ಈ ಮಾರ್ಗದ ಎಂಜಿನಿಯರನಾದ ಬ್ರೂನೆಲನು 7 ಅಡಿ ಬಿಟ್ಟಿದ್ದನು. ಇದರಿಂದ ವೇಗವೂ ಸ್ಥಿರತೆಯೂ ಹೆಚ್ಚುವುವೆಂಬುದು ಅವನ ವಾದ. ಗಾಡಿಗಳು ನಿರೀಕ್ಷಿಸಿದಷ್ಟು ಸುಖವಾಗಿ ಓಡದಿರಲು, ಪಾಲುದಾರರಲ್ಲಿ ಅನೇಕರು ಅಗಲದ ದಾರಿಯನ್ನೇ ಕೈಬಿಡಬೇಕೆಂದು ಹಟಹಿಡಿದರು.

ಈ ಸಂದರ್ಭದಲ್ಲಿ ಪರೀಕ್ಷೆಗೆ ಕೈಹಾಕಿದವನು, ಗಣಕಯಂತ್ರದ ಮೂಲಪುರುಷರಲ್ಲಿ ಒಬ್ಬನೆಂದು ಇಂದು ಪ್ರಸಿದ್ಧನಾದ ಚಾರ್ಲ್ಸ್ ಬ್ಯಾಬೇಜನು. ತನಗೆ ಒಪ್ಪಿಸಿದ ಒಂದು ಗಾಡಿಯ ಒಳಗಿನ ಪೀಠಾದಿಗಳನ್ನೆಲ್ಲ ಅವನು ತೆಗೆಸಿಹಾಕಿದನು. ಗಾಡಿಯ ಅಡಿಚೌಕಟ್ಟಿನಿಂದ ನೆಲಹಲಗೆಯನ್ನು ತೂರಿ ಮೇಲೆದ್ದ ಗಟ್ಟಿಯಾದ ಆಧಾರಗಳ ಮೇಲೆ ಉದ್ದವಾದ ಮೇಜೊಂದನ್ನು ನಿಲ್ಲಿಸಿದನು. ಗಾಡಿಯ ಮೈ ಎಷ್ಟು ಓಲಾಡಿದರೂ ಆ ಓಲಾಟವು ಮೇಜಿಗೆ ತಟ್ಟುತ್ತಿರಲಿಲ್ಲ. ಈ ಏರ್ಪಾಡಿನಲ್ಲಿಯೇ ಅವನ ಬುದ್ಧಿಸೂಕ್ಷ್ಮತೆ ಕಾಣಬರುತ್ತದೆ. ಅಳೆಯುವ ಸಾಧನವೂ ಅಳೆಯಲ್ಪಡುವ ವಸ್ತುವಿನೊಡನೆ ಕುಣಿದರೆ ಅಳತೆಯಲ್ಲಿ ಉಳಿಯುವುದೇನು? ಮೇಜಿನ ಮೇಲೆ 1000 ಅಡಿ ಉದ್ದದ ಕಾಗದದ ಸುರುಳಿಗಳು ನಿಧಾನವಾಗಿ ಸರಿಯುತ್ತಿದ್ದುವು. ಒಂದು ಲೇಖನಿಯು ಎಂಜಿನ್ನು ಎಳೆಯುವ ಬಲವನ್ನು ಬರೆದರೆ, ಬೇರೆ ಲೇಖನಿಗಳು ಗಾಡಿಯ ನಡುವಿನಲ್ಲಿಯೂ ತುದಿಯಲ್ಲಿಯೂ ಆಗುವ ಮೇಲುಕೆಳಗಿನ ಕುಲುಕು, ಅಡ್ಡ ಓಲಾಟ ಮೊದಲಾದುವನ್ನು ಬರೆದುವು. ಗಡಿಯಾರವೊಂದು ಅರೆಸೆಕೆಂಡಿಗೊಮ್ಮೆ ಗುರುತುಹಾಕುತ್ತಿತ್ತು. ಹೀಗೆ ಒಂದೇ ಕ್ಷಣದಲ್ಲಿ ನಡೆದುದೆಲ್ಲವೂ ಒಂದರ ಮಗ್ಗುಲಲ್ಲಿ ಒಂದಾಗಿ ಕಣ್ಣಿಗೆ ಬಿದ್ದಿತು. ಸುಮಾರು ಎರಡು ಮೈಲಿ ಕಾಗದವು ರೇಖೆಗಳಿಂದ ತುಂಬಿತು. ಐದು ತಿಂಗಳು ನಡೆದ ಈ ಕಾರ್ಯಕ್ಕೆ ಬ್ಯಾಬೇಜನು ತನ್ನ ಕೈಯಿಂದ ತೆತ್ತುದು 300 ಪೌಂಡಿನಷ್ಟು.

1839ರ ಜನವರಿಯಲ್ಲಿ ಪಾಲುದಾರರ ಸಭೆಯಲ್ಲಿ ಅವನು ತನ್ನ ಪರೀಕ್ಷೆಗಳ ವಿಷಯವಾಗಿ ಮಾತನಾಡಿದನು. ಅಗಲದ ದಾರಿ ಉಳಿಯಿತು. 1892ರವರೆಗೂ ಅದರ ಮೇಲೆ ಗಾಡಿಗಳು ಓಡಿದುವು.

ಆ ದಿನಗಳ ರೈಲ್ವೆಯಲ್ಲಿ ಅಪಾಯವು ಎಷ್ಟು ಹತ್ತಿರದಲ್ಲಿತ್ತೆಂಬುದಕ್ಕೆ ಬ್ಯಾಬೇಜನು 1864ರಲ್ಲಿ ಪ್ರಕಟಿಸಿದ ಆತ್ಮವೃತ್ತಾಂತದಲ್ಲಿ ಒಂದು ನಿದರ್ಶನವುಂಟು. ಒಂದು ಭಾನುವಾರ ಪರೀಕ್ಷೆಗಾಗಿ ಅವನು ಪ್ಯಾಡಿಂಗ್ಟನ್ ನಿಲ್ದಾಣಕ್ಕೆ ಬಂದನು. ಆ ದಿನ ಬೇರೆ ಎಂಜಿನ್ನುಗಳು ಓಡುವುದಿಲ್ಲವಾದ್ದರಿಂದ ಯಾವ ಕಂಬಿಯ ಮೇಲೆ ಹೋದರೂ ಬಾಧಕವಿಲ್ಲವೆಂದು ಅಲ್ಲಿಯ ಅಧಿಕಾರಿ ಅಭಯವಿತ್ತನು. ಅಷ್ಟರಲ್ಲಿ ದೂರದಿಂದ ಎಂಜಿನ್ನಿನ ಸದ್ದು ಬ್ಯಾಬೇಜನ ಕಿವಿಗೆ ಬಿದ್ದಿತು. ಅಸಾಧ್ಯವೆಂದನು ಅಧಿಕಾರಿ. ತುಸು ಹೊತ್ತಿನಲ್ಲಿಯೇ ಎಂಜಿನ್ನೊಂದು ಬಂದು ನಿಂತಿತು. ಮಸಿ ಹತ್ತಿದ ಮುಖದಿಂದ ಅದರಿಂದಿಳಿದವನು ಸ್ವತಃ ಬ್ರೂನೆಲನು! ಗಾಡಿ ತಪ್ಪಿದ್ದರಿಂದ ಬೆಂಕಿಯೆದ್ದಿದ್ದ ಎಂಜಿನ್ನೊಂದನ್ನು ಹತ್ತಿ, ಗಂಟೆಗೆ 50 ಮೈಲಿ ವೇಗದಲ್ಲಿ ಬಂದಿದ್ದನು. ಐದಾರು ನಿಮಿಷ ಮುಂಚೆ ಹೊರಟಿದ್ದರೆ ಇಬ್ಬರು ಮೇಧಾವಿಗಳೂ ಎದುರುಬದುರಾಗುತ್ತಿದ್ದರೋ ಏನೋ.

ಪ್ರತಿಯೊಂದು ಎಂಜಿನ್ನಿನಲ್ಲಿಯೂ ವೇಗವನ್ನು ತಾನೇ ಬರೆದಿಡುವ ಯಂತ್ರವಿರಬೇಕೆಂದು ಬ್ಯಾಬೇಜನು ಸಲಹೆಯಿತ್ತನು. ಅಪಘಾತವಾದ ಮೇಲೆ ಮನುಷ್ಯಸಾಕ್ಷಿಗಳು ಭಯದಿಂದಲೋ ಸ್ವಾರ್ಥದಿಂದಲೋ ಮಾತು ಬದಲಿಸಬಹುದು, ರೇಖೆಯು ಬದಲಿಸಲಾರದು, ಎಂಬುದು ಅವನ ತಾತ್ಪರ್ಯ. ಅಮೆರಿಕದಲ್ಲಿ ಇಂಥ ಯಂತ್ರಗಳನ್ನು ಕಡ್ಡಾಯಮಾಡುವ ನಿಯಮವು ಹೊರಟದ್ದು 1993ರಲ್ಲಿ.

ಈ ನಡುವೆ ರೇಖೆಯ ವಿದ್ಯೆಯು ಸುಮ್ಮನಿರಲಿಲ್ಲ. 1878ರಲ್ಲಿ ಬ್ರೈಟನ್ ಮಾರ್ಗದಲ್ಲಿ ಡಗ್ಲಸ್ ಗಾಲ್ಟನನೂ ವೆಸ್ಟಿಂಗ್‌ಹೌಸನೂ ಸ್ವಯಂಲೇಖಕ ಯಂತ್ರಗಳಿಂದ ಬ್ರೇಕುಗಳನ್ನು ಪರೀಕ್ಷಿಸಿದರು. ಚಕ್ರವು ಸಂಪೂರ್ಣವಾಗಿ ಕಟ್ಟಿಹೋಗಿ ಕಂಬಿಯ ಮೇಲೆ ಜಾರಿದರೆ ತಡೆಯುವ ಬಲವು ಹೆಚ್ಚುವುದಕ್ಕೆ ಬದಲಾಗಿ ಕುಗ್ಗುವುದೆಂಬ ಸಂಗತಿಯು ಆ ರೇಖೆಗಳಲ್ಲಿ ಸ್ಪಷ್ಟವಾಯಿತು.

ಮಸಿಯ ಲೇಖನಿಯ ಸ್ಥಾನಕ್ಕೆ ಈಗ ಗಣಕಯಂತ್ರವು ಬಂದಿದೆ. ಅಮೆರಿಕದ ಕೊಲೊರಾಡೊ ಸಂಸ್ಥಾನದಲ್ಲಿ, ಪ್ಯೂಬ್ಲೊ ನಗರದ ಬಳಿಯ ಪರೀಕ್ಷಾಕ್ಷೇತ್ರದಲ್ಲಿ, 2002ರಲ್ಲಿ ಹಳೆಯ ಮಾದರಿಯ ಪ್ರಯಾಣಿಕರ ರೈಲೊಂದನ್ನು ಗಂಟೆಗೆ ಸುಮಾರು 30 ಮೈಲಿ ವೇಗದಿಂದ ನಿಂತ ರೈಲಿನ ಎಂಜಿನ್ನಿಗೆ ಬೇಕೆಂದೇ ಡಿಕ್ಕಿಹೊಡೆಸಿದರು. ಮುಂದಿನ ಗಾಡಿಯು ಎಂಜಿನ್ನಿನ ಮೇಲೇರಿತು. ಅದರ 22 ಅಡಿಯಷ್ಟು ಭಾಗ ನುಜ್ಜುಗುಜ್ಜಾಯಿತು. 2006ರಲ್ಲಿ, ಗಾಡಿಗಳ ತುದಿಗಳು ಕ್ರಮವಾಗಿ ಮಡಿದು ಆಘಾತವನ್ನು ನುಂಗುವಂತೆ ರಚಿಸಿ, ಅದೇ ಪರೀಕ್ಷೆಯನ್ನು ಪುನಃ ನಡೆಸಿದರು. ಈ ಬಾರಿ ಮುಂದಿನ ಗಾಡಿ ಜಜ್ಜಿದ್ದು ಸುಮಾರು 3 ಅಡಿ. ಪ್ರಯಾಣಿಕರು ಕುಳಿತಿರುವ ಜಾಗವು ಉಳಿಯಿತು.

ಕಣ್ಣೆವೆಯಿಕ್ಕುವಷ್ಟರಲ್ಲಿ ಮುಗಿಯುವ ಇಂಥ ಘಟನೆಯಲ್ಲಿ ಗಾಡಿಯ ಮೈಗೆ ಅಂಟಿಸಿದ ವೇಗೋತ್ಕರ್ಷಮಾಪಕಗಳೂ ಲೋಹದ ಸೆಳೆತವನ್ನು ತಿಳಿಸುವ ಪಟ್ಟಿಗಳೂ ಸೆಕೆಂಡಿಗೆ ಸಾವಿರಾರು ಸಂಖ್ಯೆಗಳನ್ನು ಕಳುಹಿಸುತ್ತವೆ. ಅವೆಲ್ಲವನ್ನೂ ಡಿಕ್ಕಿಯ ಕ್ಷಣಕ್ಕೆ ಸರಿಹೊಂದಿಸಿ, ಒಂದರ ಕೆಳಗೊಂದು ರೇಖೆಯಾಗಿ ಎಳೆದು ತೋರಿಸುವುದು ತಂತ್ರಾಂಶದ ಕೆಲಸ. ಆದರೆ ಡಿಕ್ಕಿಯಲ್ಲಿ ಉಕ್ಕಿನ ತಗಡು ಗಂಟೆಯಂತೆ ಮಿಡಿಯುತ್ತದೆ. ಆ ಮಿಡಿತವು ಗಾಡಿಯ ನಿಜವಾದ ಚಲನೆಯಲ್ಲ. ಅದನ್ನು ಲೆಕ್ಕದಿಂದ ಸೋಸಬೇಕು. ಅತಿಯಾಗಿ ಸೋಸಿದರೆ ರೇಖೆಯು ನೋಡಲು ನುಣುಪಾಗುವುದೇನೋ ನಿಜ. ಅದರೊಡನೆ ಪ್ರಯಾಣಿಕನ ಕತ್ತು ಮುರಿಯಬಲ್ಲ ಹೊಡೆತವೂ ಚಿತ್ರದಿಂದ ಮಾಯವಾದೀತು. ಆದಕಾರಣ ಎಷ್ಟು ಸೋಸಬೇಕೆಂಬುದಕ್ಕೆ ಮೊದಲೇ ಗೊತ್ತುಪಡಿಸಿದ ನಿಯಮಗಳಿವೆ. ಬ್ಯಾಬೇಜನು ಮೇಜನ್ನು ಗಾಡಿಯ ಮೈಯಿಂದ ಬೇರ್ಪಡಿಸಿ ಬಿಡಿಸಿದ ತೊಡಕೇ ಇಲ್ಲಿಯೂ ಇರುವುದು.

ಭಾರತದಲ್ಲಿ ಹೊಸ ಗಾಡಿಗಳ ಆಂದೋಲನ ಪರೀಕ್ಷೆಗಳನ್ನು ನೋಡಿಕೊಳ್ಳುವುದು, 1957ರಲ್ಲಿ ಲಖ್ನೌದಲ್ಲಿ ಸ್ಥಾಪಿತವಾದ ರೈಲ್ವೆಯ ಸಂಶೋಧನ ಸಂಸ್ಥೆ. ಚಕ್ರವು ಕಂಬಿಯನ್ನು ಅಡ್ಡಲಾಗಿ ಒತ್ತುವ ಬಲವು ಕೆಳಕ್ಕೆ ಒತ್ತುವ ಬಲಕ್ಕೆ ಹೋಲಿಸಿದರೆ ಮಿತಿಮೀರಿದಾಗ ಚಕ್ರದ ಅಂಚು ಕಂಬಿಯನ್ನೇರಲು ತೊಡಗುತ್ತದೆ. ಈ ಪ್ರಮಾಣದ ಸೂತ್ರವು ಫ್ರಾನ್ಸಿನ ನದಾಲನದು. ಬೆಂಗಳೂರಿನ ಬಿ. ಇ. ಎಂ. ಎಲ್. ಕಾರ್ಖಾನೆಯಲ್ಲಿ ಸಿದ್ಧವಾದ ವಂದೇ ಭಾರತ್ ಶಯನಗಾಡಿಯು 2025ರ ಜನವರಿಯಲ್ಲಿ ರಾಜಸ್ಥಾನದ ಕೋಟಾ ವಿಭಾಗದಲ್ಲಿ ಗಂಟೆಗೆ 180 ಕಿಲೋಮೀಟರ್ ವೇಗದಿಂದ ಪರೀಕ್ಷೆಗಾಗಿ ಓಡಿತು. ಒಳಗೆ ಮೇಜಿನ ಮೇಲೆ ಅಂಚಿನವರೆಗೆ ತುಂಬಿಟ್ಟಿದ್ದ ನೀರಿನ ಲೋಟವು ತುಳುಕಲಿಲ್ಲವೆಂಬ ಚಿತ್ರವನ್ನು ಜನರು ಮೆಚ್ಚಿ ನೋಡಿದರು. ಆದರೆ ಗಾಡಿಗೆ ಪ್ರಯಾಣಿಕರನ್ನು ಹತ್ತಿಸಲು ಅನುಮತಿ ದೊರೆಯುವುದು ಲೋಟದ ಸಾಕ್ಷ್ಯದಿಂದಲ್ಲ.