ಎಂಟನೇ ಕ್ಲಾಸಿನ ಅರ್ಜಿಯ ಒಂದು ಕಾಲಂ

ಎಸ್ಸೆಸ್ಸೆಲ್ಸಿಯ 625 ಅಂಕಗಳಲ್ಲಿ ಪ್ರಥಮ ಭಾಷೆಗೆ 125, ಉಳಿದ ಐದು ವಿಷಯಗಳಿಗೆ ತಲಾ ನೂರು. ಇಟ್ಟಮಡುವಿನ ನಮ್ಮ ಬೀದಿಯಲ್ಲಿ ಮಗುವನ್ನು ಎಂಟನೇ ಕ್ಲಾಸಿಗೆ ಸೇರಿಸುವ ತಂದೆತಾಯಿಗೆ ಈ ಲೆಕ್ಕ ಬಾಯಿಪಾಠ. ನನ್ನ ಸರದಿ ಬಂದಾಗ ಅಪ್ಪ, "ಸಂಸ್ಕೃತ ತಗೋ, 125ಕ್ಕೆ 125 ಬರುತ್ತೆ, ಪಿಯುಸಿಗೆ ಒಳ್ಳೇ ಕಾಲೇಜು ಸಿಗುತ್ತೆ" ಅಂದರು. ಮನೆಯಲ್ಲಿ ಸಂಸ್ಕೃತ ಬಲ್ಲವರು ಯಾರೂ ಇರಲಿಲ್ಲ. ಉತ್ತರವನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಬರೆಯಬಹುದು ಎಂಬುದೇ ಅದರ ಆಕರ್ಷಣೆ.

ಸಂಶೋಧನೆಗೆಂದು ಗೋಕಾಕ್ ಚಳವಳಿಯನ್ನು ಓದತೊಡಗಿದಾಗ ಮತ್ತೆ ಎದುರಾದದ್ದು ಅಪ್ಪನ ಈ ಲೆಕ್ಕವೇ. ಆಗಲೂ ಹೈಸ್ಕೂಲಿನಲ್ಲಿ ಸಂಸ್ಕೃತವನ್ನು ಪ್ರಥಮ ಭಾಷೆಯಾಗಿ ಆರಿಸಿಕೊಂಡು ಕನ್ನಡದ ಗೋಜಿಗೇ ಹೋಗದೆ ಪಾಸಾಗಬಹುದಿತ್ತು. ಅದರ ಆ ಸ್ಥಾನ ತಪ್ಪಿಸಲು ಸರ್ಕಾರ ಹೊರಟಾಗ ವಿರೋಧವೆದ್ದಿತು, 1980ರಲ್ಲಿ ವಿ.ಕೃ. ಗೋಕಾಕರ ಸಮಿತಿ ನೇಮಕವಾಯಿತು. ಮರುವರ್ಷದ ಜನವರಿಯಲ್ಲಿ ಬಂದ ವರದಿ ಹೇಳಿದ್ದು: ಪ್ರೌಢಶಾಲೆಯಲ್ಲಿ ಕನ್ನಡವೊಂದೇ ಪ್ರಥಮ ಭಾಷೆ, ಅದಕ್ಕೆ 150 ಅಂಕ.

1982ರಲ್ಲಿ ರಾಜ್‌ಕುಮಾರ್ ಬೀದಿಗಿಳಿದದ್ದು, ಜನಸಾಗರ ಸೇರಿದ್ದು ಎಲ್ಲರಿಗೂ ನೆನಪಿದೆ. ಆ 150ರ ಮಾತು ಯಾರೂ ಎತ್ತುವುದಿಲ್ಲ. ನನಗೆ ವರದಿಯ ಜಾಣತನ ಕಾಣುವುದು ಅಲ್ಲಿಯೇ. ಅಭಿಮಾನದ ಭಾಷಣಕ್ಕೆ ಬಗ್ಗದ ಪೋಷಕರು ಅಂಕಕ್ಕೆ ಬಗ್ಗುತ್ತಾರೆಂಬುದು ಸಮಿತಿಗೆ ಗೊತ್ತಿತ್ತು.

1982ರ ಜುಲೈನಲ್ಲಿ ಆದೇಶ ಹೊರಟಿತು. ಕನ್ನಡವೊಂದನ್ನೇ ಪ್ರಥಮ ಭಾಷೆಯಾಗಿ ಹೇರುವುದು ಭಾಷಾ ಅಲ್ಪಸಂಖ್ಯಾತರ ಹಕ್ಕಿಗೆ ವಿರುದ್ಧವೆಂದು ಹೈಕೋರ್ಟು 1989ರಲ್ಲಿ ಅದನ್ನು ತಳ್ಳಿಹಾಕಿತು. ಅದೇ ವರ್ಷ ಸರ್ಕಾರ ಹೊರಡಿಸಿದ ಸಡಿಲ ಆದೇಶವನ್ನು 1993ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಉರ್ದು, ತಮಿಳು ಮನೆಮಾತಿನವರ ಅಳಲು ನ್ಯಾಯವಾದದ್ದೇ. ಆದರೆ ತೆರೆದ ಬಾಗಿಲಲ್ಲಿ ನುಗ್ಗಿದವರಲ್ಲಿ ನಮ್ಮಂಥ ಕನ್ನಡದ ಮನೆಯವರೂ ಇದ್ದೆವು.

ಪ್ರಥಮ ಭಾಷೆ ಕನ್ನಡದ ಪುಸ್ತಕದಲ್ಲಿ ಹಳಗನ್ನಡ, ನಡುಗನ್ನಡದ ಪದ್ಯಗಳಿರುತ್ತವೆ. ನಾನು ಅವುಗಳ ಮುಖ ನೋಡಿದ್ದು ಎಂ.ಎ. ಮುಗಿದ ಮೇಲೆ, ಶಾಸನ ಓದಬೇಕಾಗಿ ಬಂದಾಗ. ಹತ್ತು ಸಾಲಿಗೆ ಒಂದು ಸಂಜೆ ಹಿಡಿಯುತ್ತಿತ್ತು.

ವಿಚಿತ್ರವೆಂದರೆ, ಇಷ್ಟೆಲ್ಲ ಮಾಡುವುದು ಎಂಜಿನಿಯರಿಂಗ್ ಸೀಟಿಗೆಂದು. ಸಿಇಟಿ ರ್‍ಯಾಂಕಿಗೆ ಭಾಷೆಯ ಅಂಕ ಸೇರುವುದೇ ಇಲ್ಲ. 2015ರ ಕನ್ನಡ ಕಲಿಕಾ ಕಾಯ್ದೆಯ ಪ್ರಕಾರ ಕನ್ನಡ ಪ್ರಥಮ ಅಥವಾ ದ್ವಿತೀಯ ಭಾಷೆಯಾಗಿರಲೇಬೇಕು. ಯಾವುದಕ್ಕೆ 125, ಯಾವುದಕ್ಕೆ 100 ಎಂಬುದನ್ನು ಈಗಲೂ ಅರ್ಜಿ ತುಂಬುವವರೇ ತೀರ್ಮಾನಿಸುತ್ತಾರೆ.