ಭಾದ್ರಪದದ ಹುಣ್ಣಿಮೆ ಮತ್ತು ಲೆಕ್ಕ ತೀರಿಸುವ ವಾಡಿಕೆ

'ಮೂಡಲ ಬಾಗಿಲು' ಎಂಬ ಹೆಸರೇ ಸವೆದು ಮುಳಬಾಗಿಲು ಆಯಿತೆನ್ನುತ್ತಾರೆ. ವಿಜಯನಗರದ ಕಾಲದಲ್ಲಿ ಪ್ರಾಂತವೊಂದರ ಮುಖ್ಯಪಟ್ಟಣವಾಗಿದ್ದ ಈ ಊರಿನಲ್ಲಿ ಭಾದ್ರಪದದ ಪೂರ್ಣಚಂದ್ರನು ಮೂಡುವ ಹೊತ್ತಿಗೆ, ರಾತ್ರಿಭೋಜನ ತ್ಯಜಿಸಿದ ಶ್ರಾವಕರ ಮನೆಗಳಲ್ಲಿ ಊಟ ಮುಗಿದಿರುತ್ತದೆ. ಹಿಂದಿನ ದಿನ ಅನಂತ ಚತುರ್ದಶಿ. ಮರುದಿನ, ಬಹುಳ ಪಾಡ್ಯದಂದು, ದಿಗಂಬರರ ಕ್ಷಮಾವಣಿ. ಬಹುತೇಕ ವರ್ಷಗಳಲ್ಲಿ ಇದೇ ಹುಣ್ಣಿಮೆಯು ಚೀನೀಯರ ಎಂಟನೆಯ ತಿಂಗಳ 15ನೆಯ ದಿನ, ಅಂದರೆ ಅವರ ಶರತ್ಕಾಲದ ನಡುಹಬ್ಬ. ಅಧಿಕಮಾಸದ ಎಣಿಕೆ ಬೇರೆಯಾದಾಗ, 2025ರಲ್ಲಿ ಆದಂತೆ, ಒಂದು ತಿಂಗಳ ಅಂತರ ಬೀಳುವುದೂ ಉಂಟು.

ಶರತ್ಕಾಲದಲ್ಲಿ ಚಂದ್ರನನ್ನು ಪೂಜಿಸುವ ಪದ್ಧತಿ ಚೀನದ ಪ್ರಾಚೀನ ಅರಸರಲ್ಲಿತ್ತು. ಅದು ಜನಸಾಮಾನ್ಯರ ಹಬ್ಬವಾಗಿ ನೆಲೆಗೊಂಡದ್ದು ಸೊಂಗ್ ವಂಶದ ಆಳ್ವಿಕೆಯಲ್ಲಿ (960–1279). ಅಮೃತಸೇವನೆಯಿಂದ ಚಂದ್ರಲೋಕ ಸೇರಿದ ಚಾಂಗ್ ಎ ಎಂಬ ಸ್ತ್ರೀಯ ಕಥೆಯನ್ನು ಆ ರಾತ್ರಿ ಹೇಳುತ್ತಾರೆ. ದೂರದೂರದ ಬಂಧುಗಳು ಒಂದೆಡೆ ಸೇರಿ, ಚಂದ್ರಬಿಂಬದಂತೆ ದುಂಡಗಿರುವ ಭಕ್ಷ್ಯವನ್ನು ಹಂಚಿ ತಿನ್ನುತ್ತಾರೆ. ಹಂದಿಯ ಕೊಬ್ಬು, ಬಾತುಕೋಳಿ ಮೊಟ್ಟೆಯ ಹಳದಿ ಸೇರುವ ಆ ಭಕ್ಷ್ಯವು ಜೈನರಿಗೆ ಸಲ್ಲದು, ನಿಜ. ಆದರೆ ಆ ಹಬ್ಬದ ಇನ್ನೊಂದು ಹಳೆಯ ವಾಡಿಕೆ ವರ್ತಕ ಸಮಾಜದ ಗಮನಕ್ಕೆ ಅರ್ಹವಾಗಿದೆ.

ಚೀನದ ಅಂಗಡಿಗಳಲ್ಲಿ ಸಾಲದ ಬಾಕಿಯನ್ನು ವರ್ಷಕ್ಕೆ ಮೂರು ಬಾರಿ ತೀರಿಸುವ ರೂಢಿಯಿತ್ತು: ಐದನೆಯ ತಿಂಗಳ ಐದರಂದು, ಈ ಹುಣ್ಣಿಮೆಗೆ, ಮತ್ತು ವರ್ಷಾಂತ್ಯಕ್ಕೆ. ಬಾಕಿ ಉಳಿಸಿಕೊಂಡವನಿಗೆ ಹಬ್ಬದೂಟ ರುಚಿಸುವುದು ಕಷ್ಟವಿದ್ದಿರಬೇಕು.

ಹಣದ ಬಾಕಿಗೆ ಅವರು ಗಡುವು ಇಟ್ಟಂತೆ, ಮನಸ್ಸಿನ ಬಾಕಿಗೆ ಜೈನಾಚಾರ್ಯರು ಗಡುವು ಇಟ್ಟರು. ಶ್ರವಣಬೆಳಗೊಳದ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನ ಗುರು, 10ನೆಯ ಶತಮಾನದ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು, 'ಗೊಮ್ಮಟಸಾರ'ದ ಕರ್ಮಕಾಂಡದಲ್ಲಿ ಕಷಾಯಗಳ ವಾಸನಾಕಾಲವನ್ನು ನಿರ್ದಿಷ್ಟವಾಗಿ ನಿರೂಪಿಸಿದ್ದಾರೆ. ಸಂಜ್ವಲನ ಕಷಾಯದ್ದು ಅಂತರ್ಮುಹೂರ್ತ, ಪ್ರತ್ಯಾಖ್ಯಾನಾವರಣದ್ದು ಒಂದು ಪಕ್ಷ, ಅಪ್ರತ್ಯಾಖ್ಯಾನಾವರಣದ್ದು ಆರು ತಿಂಗಳು. ಅದನ್ನೂ ಮೀರಿದ್ದು ಅನಂತಾನುಬಂಧಿ. ಅದು ಭವಭವಗಳವರೆಗೆ ಬೆನ್ನು ಹತ್ತುತ್ತದೆ, ಸಮ್ಯಕ್ತ್ವವನ್ನೇ ತಡೆಯುತ್ತದೆ. ದೇವೇಂದ್ರಸೂರಿಗಳ ಕರ್ಮಗ್ರಂಥವನ್ನು ಅನುಸರಿಸುವ ಶ್ವೇತಾಂಬರರಲ್ಲಿ ಈ ಅವಧಿಗಳು ಪಕ್ಷ, ನಾಲ್ಕು ತಿಂಗಳು, ಒಂದು ವರ್ಷ ಮತ್ತು ಜೀವಾವಧಿ. ಅವರ ಪಾಕ್ಷಿಕ, ಚಾತುರ್ಮಾಸಿಕ ಹಾಗೂ ಸಾಂವತ್ಸರಿಕ ಪ್ರತಿಕ್ರಮಣಗಳು ಇದೇ ಗಡುವುಗಳಿಗೆ ಹೊಂದಿಕೊಂಡಿವೆ. ಪ್ರಾಮಿಸರಿ ನೋಟಿನ ಸಾಲವು 3 ವರ್ಷ ಕಳೆದರೆ ನ್ಯಾಯಾಲಯದಲ್ಲಿ ಬಲಹೀನವಾಗುತ್ತದೆ. ದ್ವೇಷದ ಕಾಯಿದೆ ಇದಕ್ಕೆ ನೇರ ವಿರುದ್ಧ.

ಇಂದು ಕ್ಷಮಾವಣಿಯ ಅಚ್ಚಾದ ಪತ್ರಗಳೂ ಮೊಬೈಲಿನ ಸಂದೇಶಗಳೂ ನೂರಾರು ಮನೆಗಳಿಗೆ ತಲುಪುತ್ತವೆ. ಅಂಗಡಿ ಪಾಲಾದಾಗ ಮಾತು ಬಿಟ್ಟ ಅಣ್ಣತಮ್ಮಂದಿರು, ಟ್ರಸ್ಟಿನ ಚುನಾವಣೆಯಲ್ಲಿ ಮುನಿಸಿಕೊಂಡವರು ಮಾತ್ರ ಆ ವಿಳಾಸಗಳ ಪಟ್ಟಿಯಲ್ಲಿ ಇರುವುದು ವಿರಳ. ಒಂದೇ ಬಸದಿಯಲ್ಲಿ ಅಭಿಷೇಕ ನೋಡಿ, ಬೇರೆಬೇರೆ ಬಾಗಿಲಿನಿಂದ ಹೊರಡುತ್ತಾರೆ. ನೇಮಿಚಂದ್ರರ ಎಣಿಕೆಯಂತೆ, ಭಾದ್ರಪದದಲ್ಲಿ ಹುಟ್ಟಿದ ಮುನಿಸಿಗೆ ಫಾಲ್ಗುಣವೇ ಕೊನೆಯ ಗಡುವು. ಮುಂದಿನ ಕ್ಷಮಾವಣಿಯವರೆಗೆ ಅದನ್ನು ಮುಂದೂಡಲು ಅವಕಾಶವಿಲ್ಲ.