ಬೋರ್ಡ್ ಬದಲಾದರೂ ಬಾಯಲ್ಲಿ ಇನ್ನೂ ‘ಫೋರಂ’: ಕೋರಮಂಗಲದ ಹಳೇ ಮಾಲ್‌ ಕಥೆ

ಬೆಂಗಳೂರಿನ ಹೊಸೂರು ರಸ್ತೆಯಲ್ಲಿ ಆಟೋ ಹತ್ತಿ ‘ನೆಕ್ಸಸ್ ಮಾಲ್’ ಅಂದರೆ ಕೆಲವು ಚಾಲಕರು ಒಂದು ಕ್ಷಣ ಯೋಚಿಸ್ತಾರೆ. ‘ಫೋರಂ’ ಅಂದರೆ ಸಾಕು, ಮೀಟರ್ ಹಾಕ್ತಾರೋ ಇಲ್ಲವೋ, ದಾರಿಯಂತೂ ಕೇಳೋದಿಲ್ಲ.

ಪ್ರೆಸ್ಟೀಜ್ ಸಂಸ್ಥೆ ಕಟ್ಟಿಸಿದ ಫೋರಂ ಮಾಲ್ ಕೋರಮಂಗಲದಲ್ಲಿ 2004ರಲ್ಲಿ ಶುರುವಾಯಿತು. ಬೆಂಗಳೂರಿನ ಮೊದಲ ದೊಡ್ಡ ಮಾಲ್‌ಗಳಲ್ಲಿ ಇದೂ ಒಂದು. ಅಲ್ಲಿಯವರೆಗೆ ಸುತ್ತಾಟ ಅಂದರೆ ಬ್ರಿಗೇಡ್ ರಸ್ತೆ, ಎಂ.ಜಿ. ರಸ್ತೆ; ಸಿನಿಮಾ ಅಂದರೆ ಮೆಜೆಸ್ಟಿಕ್. ಫೋರಂ ಇವೆರಡನ್ನೂ ಒಂದೇ ಸೂರಿನಡಿ ತಂದಿತು.

ಜನ ಬಂದಿದ್ದು ಯಾಕೆ?

11 ಪರದೆಗಳ ಪಿವಿಆರ್ ಚಿತ್ರಮಂದಿರ ಮೇಲಿನ ಮಹಡಿಯಲ್ಲಿತ್ತು. ಅಲ್ಲಿಗೆ ಹೋಗಬೇಕಾದರೆ ಕೆಳಗಿನ ಅಂಗಡಿಗಳನ್ನು ದಾಟಲೇಬೇಕು. ಸಿನಿಮಾಕ್ಕೆ ಬಂದವರ ಕಣ್ಣಿಗೆ ಬಟ್ಟೆ, ಚಪ್ಪಲಿ ಬೀಳುತ್ತಿದ್ದದ್ದು ಹೀಗೆ. ಲ್ಯಾಂಡ್‌ಮಾರ್ಕ್ ಪುಸ್ತಕದ ಅಂಗಡಿಯಲ್ಲಿ ಕೊಳ್ಳದೇ ಗಂಟೆಗಟ್ಟಲೆ ಪುಟ ತಿರುವಿದವರಿಗೆ ಲೆಕ್ಕವಿಲ್ಲ. ಆ ಅಂಗಡಿ ಈಗಿಲ್ಲ.

ಆದರೆ ಹುಡುಗ ಹುಡುಗಿಯರಿಗೆ ಇಷ್ಟವಾಗಿದ್ದು ಮಾಲ್ ಎದುರಿನ ಮೆಟ್ಟಿಲು. ಕ್ರೈಸ್ಟ್ ಕಾಲೇಜು ಹತ್ತಿರದಲ್ಲೇ ಇದೆ. ಊರಿಂದ ಓದಲು ಬಂದು ಪಿ.ಜಿ.ಯಲ್ಲಿ ಇರುವವರಿಗೆ ಜೇಬಲ್ಲಿ ಬಸ್ ಚಾರ್ಜ್ ಮಾತ್ರ ಇದ್ದರೂ ಅಲ್ಲಿ ಕೂತು ಗೆಳೆಯರಿಗೆ ಕಾಯಬಹುದಿತ್ತು. ಹಾಗೆ ಕೂತವರೇ ಮುಂದೆ ಕೆಲಸ ಸಿಕ್ಕ ಮೇಲೆ ಮೊದಲ ಸಂಬಳದಲ್ಲಿ ಶರ್ಟ್ ಕೊಂಡರು, ಆಮೇಲೆ ಮಕ್ಕಳ ಕೈ ಹಿಡಿದು ಬಂದರು.

ಪೈಪೋಟಿ, ಹೊಸ ಹೆಸರು

2005ರಲ್ಲಿ ಗರುಡಾ ಮಾಲ್, 2010ರಲ್ಲಿ ಮಲ್ಲೇಶ್ವರದ ಮಂತ್ರಿ ಸ್ಕ್ವೇರ್, 2012ರಲ್ಲಿ ಒರಾಯನ್ ಬಂದವು. ಅವರವರ ಬಡಾವಣೆ ಹತ್ತಿರವೇ ಮಾಲ್ ಆದ ಮೇಲೆ ಟ್ರಾಫಿಕ್‌ನಲ್ಲಿ ಕೋರಮಂಗಲದವರೆಗೆ ಬರುವ ಅಗತ್ಯ ಅನೇಕರಿಗೆ ಉಳಿಯಲಿಲ್ಲ. ಜತೆಗೆ ಮೊಬೈಲ್‌ನಲ್ಲೇ ಖರೀದಿ ಶುರುವಾಯಿತು. 2021ರಲ್ಲಿ ಪ್ರೆಸ್ಟೀಜ್ ತನ್ನ ಮಾಲ್‌ಗಳನ್ನು ಬ್ಲ್ಯಾಕ್‌ಸ್ಟೋನ್‌ಗೆ ಮಾರಿದ ನಂತರ, 2022ರಲ್ಲಿ ಫೋರಂ ‘ನೆಕ್ಸಸ್ ಕೋರಮಂಗಲ’ ಆಯಿತು. 2023ರ ಮೇ ತಿಂಗಳಿನಿಂದ ನೆಕ್ಸಸ್ ಟ್ರಸ್ಟ್‌ನ ಯೂನಿಟ್‌ಗಳು ಷೇರುಪೇಟೆಯಲ್ಲೂ ಸಿಗುತ್ತಿವೆ. ಒಂದು ಕಾಲದಲ್ಲಿ ಮೆಟ್ಟಿಲ ಮೇಲೆ ಪುಕ್ಕಟೆ ಕೂತವರು ಇವತ್ತು ಅದೇ ಮಾಲ್‌ನಲ್ಲಿ ಚೂರು ಪಾಲು ಕೊಳ್ಳಬಹುದು.

ಅಂಗಡಿಯವರಿಗೆ ಒಂದು ಮಾತು

ತಾಲ್ಲೂಕಿನ ಪೇಟೆಬೀದಿಗೆ ಎಸ್ಕಲೇಟರ್ ಬೇಕಿಲ್ಲ. ಆದರೆ ಅಂಗಡಿ ಮುಂದೆ ಒಂದು ಜಗಲಿ, ಸ್ವಲ್ಪ ನೆರಳು, ಕುಡಿಯೋಕೆ ನೀರು ಇದ್ದರೆ ಜನ ನಿಲ್ತಾರೆ. ‘ತಗೊಳ್ಳೋದಿದ್ರೆ ತಗೊಳ್ಳಿ, ಇಲ್ಲಾಂದ್ರೆ ಜಾಗ ಬಿಡಿ’ ಅಂತ ಇವತ್ತು ಗದರಿಸಿಕೊಂಡ ಹುಡುಗ, ನಾಳೆ ದುಡಿಯೋಕೆ ಶುರು ಮಾಡಿದಾಗ ಪಕ್ಕದ ಅಂಗಡಿಗೇ ಹೋಗ್ತಾನೆ.